ಸ್ಕ್ರಿಪ್ಟ್ ಆಫ್ ಮಾಡಿ ನೋಡಿದಾಗ

ನಾನು ನಗಿಸಬೇಕೆಂದು ಹೊರಟವಳಲ್ಲ. ಕೆಲಸವೇನೆಂದು ವಿವರಿಸಲು ಹೋದಾಗಲೆಲ್ಲ ಏನಾದರೊಂದು ಆಗಿಬಿಡುತ್ತದೆ.

ಸುತ್ತಲಿನ ಊರುಗಳವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ರೂಮಿದೆ. ಒಪ್ಪಿಸುವ ಮುಂಚೆ ಬ್ರೌಸರಿನಲ್ಲಿ ಸ್ಕ್ರಿಪ್ಟ್ ಆಫ್ ಮಾಡಿ ನೋಡುವುದು ನನ್ನ ರೂಢಿ. ಸ್ಕ್ರಿಪ್ಟ್ ಅಂದರೆ ಪುಟದಲ್ಲಿ ಫೋಟೋ ಸರಿಸುವ, ಒತ್ತಿದರೆ ಮೆನು ಬಿಚ್ಚುವ ಪ್ರೋಗ್ರಾಂ. ಬಿಳಿಚೋಡಿನ ಕಡೆ ನೆಟ್‌ವರ್ಕ್ ಕುಂಟಿದರೆ ಅದು ಮೊಬೈಲಿಗೆ ಬಂದು ಮುಟ್ಟುವುದೇ ಇಲ್ಲ. ಆಗಲೂ ಪುಟ ಓದಲು ಸಿಗಬೇಕು, ಅಷ್ಟೇ.

ಇದನ್ನು ಮೊದಲು ಹೇಳಿದ್ದು ಅಪ್ಪನಿಗೆ. "ಚೆನ್ನಾಗಿ ನಡೀತಿರೋದನ್ನ ಆಫ್ ಮಾಡಿ, ಏನೇನು ನಿಲ್ಲುತ್ತೆ ಅಂತ ನೋಡ್ತೀನಪ್ಪ."

"ಅದಕ್ಕೆ ಡಿಗ್ರಿ ಓದಬೇಕಿತ್ತೇನವ್ವ? ಕರೆಂಟಿನೋರು ದಿನಾ ಅದನ್ನೇ ಮಾಡ್ತಾರಲ್ಲ!"

ಹೊನ್ನಾಳಿಯ ಕಲ್ಯಾಣ ಮಂಟಪ

ಮಂಟಪದ ಯಜಮಾನರಿಗೆ ಫೋಟೋಗಳು ತಾವಾಗಿಯೇ ಒಂದಾದ ಮೇಲೊಂದು ಸರಿಯಬೇಕಿತ್ತು. ಹಾಗೇ ಮಾಡಿದ್ದೆ. ಅವರ ಎದುರಿಗೇ ಸ್ಕ್ರಿಪ್ಟ್ ಆಫ್ ಮಾಡಿದೆ. ಸರಿಯುವುದು ನಿಂತು, ಫೋಟೋಗಳೆಲ್ಲ ಒಂದರ ಕೆಳಗೊಂದು ಬಂದು ಕೂತವು.

"ಏನ್ರೀ ಮೇಡಂ, ಕೆಡಿಸಿಬಿಟ್ರಾ?"

"ಇಲ್ಲ ಸರ್, ನೆಟ್‌ವರ್ಕ್ ಸರಿ ಇಲ್ಲದೋರಿಗೆ ಹಿಂಗೆ ಕಾಣುತ್ತೆ."

ಅವರು ಸ್ಕ್ರೀನಿಗೆ ಮುಖವಿಟ್ಟು ನೋಡಿದರು. ವೇದಿಕೆ, ವಧುವಿನ ಕೋಣೆ, ಊಟದ ಹಾಲ್. ಮತ್ತೆ ಮೇಲಿಂದ ಕೆಳಗೆ, ನಿಧಾನವಾಗಿ.

"ಎಲ್ರಿಗೂ ಹಿಂಗೇ ಇಡ್ರಿ," ಅಂದರು. "ಮೊದಲು ಅವು ಸರಿಯೋವಾಗ, ಊಟದ ಹಾಲ್ ಕಣ್ಣಿಗೆ ಬೀಳೋದ್ರೊಳಗೆ ಎಲೆ ಎತ್ತಿದಂಗೆ ಆಗ್ತಿತ್ತು."

ನ್ಯಾಮತಿಯ ನಾಟಕ ತಂಡ

ಅಲ್ಲೊಂದು ಹವ್ಯಾಸಿ ತಂಡ. ನಾಟಕ ಬರೆದು ಆಡಿಸುವವರು ಒಬ್ಬ ಮೇಷ್ಟ್ರು. ಸೈಟ್ ಎಲ್ಲಿಗೆ ಬಂತೆಂದು ಕೇಳಲು ಫೋನ್ ಮಾಡಿದ್ದರು.

"ಸ್ಕ್ರಿಪ್ಟ್ ಇಲ್ಲದೆ ಹೆಂಗೆ ನಡೆಯುತ್ತೆ ಅಂತ ನೋಡ್ತಿದೀನಿ ಸರ್," ಅಂದೆ.

ಮೇಷ್ಟ್ರು ದನಿ ತಗ್ಗಿಸಿದರು: "ನಿಮಗೆ ಯಾರು ಹೇಳಿದ್ರು?"

"ಏನನ್ನ ಸರ್?"

"ನಾಡಿದ್ದು ಶೋ ಐತೆ. ಕೊನೇ ದೃಶ್ಯ ಇನ್ನೂ ಬರೆದಿಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತಿರೋದು. ಪಾತ್ರಧಾರಿಗಳ ಮುಂದೆ ಬಾಯಿ ಬಿಡಬ್ಯಾಡ್ರಿ!"

ನಾನು ಹೇಳಿದ್ದು ವೆಬ್‌ಸೈಟಿನ ಸ್ಕ್ರಿಪ್ಟು ಎಂದು ಬಿಡಿಸಿ ಹೇಳಿದೆ. ಮೇಷ್ಟ್ರು ಉಸಿರು ಬಿಟ್ಟರು.

"ಹಂಗಾ? ಮತ್ತೆ ಅದು ಸ್ಕ್ರಿಪ್ಟ್ ಇಲ್ಲದೆ ನಡೀತೈತಾ?"

"ನಡೀತೈತೆ ಸರ್."

"ಹಂಗಾದ್ರೆ ನಮ್ದೂ ನಡೀತೈತೆ ಬಿಡ್ರಿ."

ಜಗಳೂರಿನ ವಧು-ವರರ ಕೇಂದ್ರ

ಕೇಂದ್ರ ನಡೆಸುವಾಕೆಯನ್ನು ನಾನು ಅಕ್ಕ ಅನ್ನುತ್ತೇನೆ. ಸೈಟ್ ಆಗಲೇ ಬಳಕೆಯಲ್ಲಿತ್ತು; ಒಂದು ಪುಟ ಮಾತ್ರ ನೋಡುವುದು ಬಾಕಿಯಿತ್ತು. ಹುಡುಗ-ಹುಡುಗಿಯರ ವಿವರ ತುಂಬುವ ಪುಟದಲ್ಲಿ ವಯಸ್ಸು ತಪ್ಪಾಗಿ ಹಾಕಿದರೆ ಸ್ಕ್ರಿಪ್ಟ್ ತಡೆಯುತ್ತದೆ. ಸ್ಕ್ರಿಪ್ಟ್ ಇಲ್ಲದಿದ್ದರೂ ಸೈಟ್ ತಾನಾಗಿ ತಡೆಯಬೇಕು. ಅದನ್ನು ನೋಡಲೆಂದು ಆಫ್ ಮಾಡಿ ತುಂಬಿದೆ: ಹೆಸರು ಟೆಸ್ಟ್ ಕುಮಾರ, ವಯಸ್ಸು ನೂರೈವತ್ತು, ಉದ್ಯೋಗ ಟೆಸ್ಟಿಂಗ್.

ಸೈಟ್ ತಡೆಯಲಿಲ್ಲ. ಧನ್ಯವಾದ ಹೇಳಿ ಒಪ್ಪಿಕೊಂಡಿತು. ಎಲ್ಲಿ ತಪ್ಪಿದೆ ಎಂದು ನಾನು ಹುಡುಕುತ್ತಾ ಕೂತೆ. ಅಷ್ಟರಲ್ಲಿ ಟೆಸ್ಟ್ ಕುಮಾರ ಗಂಡುಗಳ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ಹೋಗಿ ನಿಂತಿದ್ದ.

ಅಕ್ಕನ ಫೋನ್ ಬಂತು. "ಮೇಡಂ, ಈ ಟೆಸ್ಟ್ ಕುಮಾರ ಯಾವ ಊರೋನು? ಒಂದು ಕಡೆ ಒಪ್ಪಿಗೆ ಆಗೈತೆ."

"ಅಯ್ಯೋ ಅಕ್ಕಾ, ಅಂಥ ಗಂಡೇ ಇಲ್ಲ! ಪರೀಕ್ಷೆಗೆ ಅಂತ ನಾನೇ ಹಾಕಿದ್ದು. ವಯಸ್ಸು ನೂರೈವತ್ತು ಐತೆ, ನೋಡಲಿಲ್ವಾ?"

"ನೋಡ್ದೆ. ಟೈಪಿಂಗ್ ತಪ್ಪಾಗೈತೆ, ತಿದ್ದಿಸ್ತೀನಿ ಅಂತ ಹುಡುಗಿಗೂ ಹೇಳ್ದೆ."

"ಮತ್ತೆ?"

"ತಿದ್ದಿಸಬ್ಯಾಡ್ರಿ ಅಂತಾಳೆ ರೀ. ನೂರೈವತ್ತೇ ಇರ್ಲಿ, ಅತ್ತೆ ಇರಾಕೆ ಸಾಧ್ಯನೇ ಇಲ್ಲವಲ್ಲ ಅಂತಾಳೆ!"