ಕೈಪೆಟ್ಟಿಗೆಯ ಸವಾಲು

ಪ್ರತಿಯೊಂದು ವಸ್ತುವಿಗೂ ಒಂದು ಹೆಸರು, ಒಂದು ಜಾಗ, ಒಂದು ಬೆಲೆ ಇರಬೇಕೆಂದು ನಂಬಿ ಬದುಕಿದವನು ನಾನು. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದೇ ಬರೆದಿದೆ. ಅದರಲ್ಲಿ ನನ್ನ ಹೆಂಡತಿ ಜೀರಿಗೆ ಇಡುತ್ತಾಳೆ ಎಂಬುದು ಬೇರೆ ಮಾತು. ವ್ಯಾಯಾಮ ಶಿಕ್ಷಕನಾಗಿ, ಶಾಲೆಯ ಬ್ಯಾಂಡಿನ ಉಸ್ತುವಾರಿಯನ್ನೂ ಹೊತ್ತು ನಿವೃತ್ತನಾದವನಿಗೆ ಈ ಶಿಸ್ತು ಬಿಡುವುದು ಕಷ್ಟ. "ಸೀಟಿ ಸಾಲಿಗಿ ಕೊಟ್ಟು ಬಂದಾರ, ಊದೂದು ಬಿಟ್ಟಿಲ್ಲ" ಎಂದು ಆಕೆ ಬಂದವರಿಗೆಲ್ಲ ಹೇಳುತ್ತಾಳೆ.

ತಿಕೋಟಾದಲ್ಲಿರುವ ನನ್ನ ಅಕ್ಕ ಗೌರವ್ವನ ಮನೆಯಲ್ಲಿ ಒಂದು ಕೈಪೆಟ್ಟಿಗೆ ಇತ್ತು. ಆರು ಮೂಲೆ, ನಡುವೆ ಮಡಿಕೆ ಮಡಿಕೆಯಾದ ತೊಗಲು, ಎರಡೂ ಕಡೆ ಗುಂಡಿಗಳು. ಅಂಗೈಗಳ ನಡುವೆ ಹಿಡಿದು ಹಿಗ್ಗಿಸಿ ಕುಗ್ಗಿಸಿ ನುಡಿಸುವ ವಾದ್ಯ. ಗೋಳಗುಮ್ಮಟದ ಹತ್ತಿರ ಡೇರೆ ಹಾಕಿದ್ದ ಸರ್ಕಸ್ಸಿನವನೊಬ್ಬನಿಗೆ ಒಂದು ಚೀಲ ಜೋಳ ಕೊಟ್ಟು ಅಕ್ಕನ ಗಂಡ, ಅಂದರೆ ನಮ್ಮ ಮಾವ, ಅದನ್ನು ತಂದಿದ್ದರು. ಭಜನೆಯಲ್ಲಿ ಅವರು ನುಡಿಸಿದರೆ ಬಬಲೇಶ್ವರದ ರಾಜೇಸಾಬ ಹಾಡುತ್ತಿದ್ದ. ಅವರ ಕೈ ಸೋತಾಗ ಪೆಟ್ಟಿಗೆಯನ್ನೂ ಅವನೇ ತೆಗೆದುಕೊಳ್ಳುತ್ತಿದ್ದ. ಮಾವ ತೀರಿಕೊಂಡ ಮೇಲೆ, ಅವರ ಹರಕೆಯಂತೆ, ಅಕ್ಕ ಅದನ್ನು ಬಬಲೇಶ್ವರದ ಮಠವೊಂದಕ್ಕೆ ಅರ್ಪಿಸಿದಳು. ಅರ್ಪಿಸಿದ್ದನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ. ಶ್ರಾವಣದಲ್ಲಿ ಸವಾಲು ಕೂಗುತ್ತಾರೆ, ಹೆಚ್ಚು ಕೂಗಿದ ಭಕ್ತನಿಗೆ ಅದು ಹೋಗುತ್ತದೆ.

"ರಾಜೇಸಾಬಗ ಹೋಗ್ಲಿ ತಮ್ಮಾ," ಎಂದಳು ಅಕ್ಕ. "ಅಂವ ಅದಕ್ಕಂತನ ರೊಕ್ಕ ಕೂಡಿಸ್ಯಾನ. ಶೋಕೇಸಿನ್ಯಾಗ ಇಡಾವ್ರಿಗೆ ಸಿಕ್ರ ಅದರ ಉಸರ ನಿಂತಂಗ. ನೀನೂ ಬಾ ನನ್ನ ಜೋಡಿ. ಆದ್ರ ಸುಮ್ಮ ಕುಂದ್ರು."

ಸವಾಲಿನ ದಿನ ಮಠದಲ್ಲಿ ಸುಮ್ಮನೇ ಕುಳಿತಿದ್ದೆ. ಆದರೆ ಸವಾಲು ಕೂಗುವ ಮಲ್ಲಪ್ಪ ಪೆಟ್ಟಿಗೆಯನ್ನು ಎತ್ತಿ ತೋರಿಸಿ, "ಇದು ಹಾರ್ಮೋನಿಯಂ ಮರಿ ನೋಡ್ರೆಪಾ" ಎಂದುಬಿಟ್ಟ. ಎದ್ದು ನಿಂತೆ. ಇದರ ಹೆಸರು ಕಾನ್ಸರ್ಟಿನಾ. ಗುಂಡಿಗಳು ಎಲುಬಿನವು, ಒಳಗಿನ ನಾಲಿಗೆಗಳು ಉಕ್ಕಿನವು. ಇಂಥವು ವಿದೇಶದ ಹರಾಜಿನಲ್ಲಿ ಲಕ್ಷ ದಾಟುತ್ತವೆಂದು ಫೋನಿನಲ್ಲಿ ನೋಡಿದ್ದೇನೆ. ಆದ್ದರಿಂದ ಐವತ್ತು ಸಾವಿರದಿಂದ ಕೂಗುವುದು ಯೋಗ್ಯ ಎಂದು ಸ್ಪಷ್ಟವಾಗಿ ತಿಳಿಸಿ ಕುಳಿತೆ.

ನಮ್ಮ ಕಡೆ ಸವಾಲಿನಲ್ಲಿ ಭಕ್ತಿ ಬಂದಷ್ಟು ಕೂಗುತ್ತಾರೆ. ಒಂದು ತೆಂಗಿನಕಾಯಿ ಸಾವಿರಕ್ಕೂ ಹೋಗುತ್ತದೆ. ಆದರೆ ದೇವರ ವಸ್ತುವಿಗೆ ಒಮ್ಮೆ ಬೆಲೆ ಆಡಿದ ಮೇಲೆ ಅದಕ್ಕಿಂತ ಕಡಿಮೆ ಕೇಳುವುದು ದೇವರಿಗೆ ಅವಮಾನ. ಅರ್ಧ ಎತ್ತಿದ್ದ ಕೈಯಿಂದ ರಾಜೇಸಾಬ ರುಮಾಲು ಸರಿಪಡಿಸಿಕೊಂಡ. ಪ್ರಾರ್ಥನೆಗೆ ತಡವಾಗಿ ಬಂದ ಹುಡುಗರನ್ನು ನಾನು ನೋಡುತ್ತಿದ್ದ ಹಾಗೆ ಅಕ್ಕ ನನ್ನನ್ನು ನೋಡಿದಳು.

ಆಗ ವಿಜಯಪುರದ ಹೋಟೆಲಿನವನೊಬ್ಬ ಎದ್ದ. "ನಮ್ಮ ಕೌಂಟರ್ ಮ್ಯಾಲೆ ಚಂದ ಕಾಣತೈತ್ರಿ. ಒಮ್ಮೆ ದನಿ ಕೇಳಸ್ರಿ ಸರ, ನಾನ ತಗೋತೇನಿ."

ಬ್ಯಾಂಡು ನಡೆಸಿದವನು ನಾನು, ಹಿಂಜರಿಯಲಿಲ್ಲ. ನೆಟ್ಟಗೆ ನಿಂತು, ಎದೆಯುಬ್ಬಿಸಿ, ಕವಾಯತಿನ ಲೆಕ್ಕದಲ್ಲಿ ಎಳೆದೆ, ಒತ್ತಿದೆ. ಎಣ್ಣೆ ಕಾಣದ ಕಬ್ಬಿಣದ ಗೇಟು ನೆಗಡಿಯಾಗಿ ಸೀನಿದಂಥ ದನಿ ಹೊರಟಿತು. ಹೆಂಗಸರ ಕಡೆಯಿಂದ ಮುದುಕಿಯೊಬ್ಬಳು, "ಯಪ್ಪಾ, ಬಿಟ್ಟುಬಿಡೋ ಅದನ್ನ, ಬ್ಯಾನಿ ತಿನ್ನಾಕತ್ತೈತಿ" ಎಂದಳು. ಸಭೆಯೆಲ್ಲ ನಕ್ಕಿತು.

"ಕೆಟ್ಟ ಪೆಟ್ಟಿಗಿ ತಗೊಂಡು ಏನ್ ಮಾಡ್ಲಿ" ಎಂದು ಹೋಟೆಲಿನವನು ಚಪ್ಪಲಿ ಮೆಟ್ಟಿ ಹೊರಟ. ಕೆಟ್ಟ ವಸ್ತುವಿಗೆ ಆಡಿದ ಬೆಲೆ ಲೆಕ್ಕಕ್ಕಿಲ್ಲವೆಂದು ಮಲ್ಲಪ್ಪ ನೂರಾ ಒಂದರಿಂದ ಹೊಸದಾಗಿ ಕೂಗಿದ. ಎದುರಿಗೆ ಯಾರೂ ಇಲ್ಲದಿದ್ದರೂ ರಾಜೇಸಾಬ ತಾನು ಕೂಡಿಸಿದ್ದಷ್ಟನ್ನೂ ಒಂದೇ ಸಲಕ್ಕೆ ಕೂಗಿದ. ಮಾವನ ಪೆಟ್ಟಿಗೆಯನ್ನು ಅಗ್ಗಕ್ಕೆ ಒಯ್ಯುವುದು ಅವನ ಮನಸ್ಸಿಗೆ ಬರಲಿಲ್ಲ. ಆಮೇಲೆ ಅಲ್ಲೇ ಕಂಬಕ್ಕೆ ಒರಗಿ ಕುಳಿತು ನುಡಿಸಿದ. ಅದೇ ಪೆಟ್ಟಿಗೆ, ಅವೇ ಗುಂಡಿಗಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲವೆಂದು ಎಲ್ಲರಿಗೂ ಏಕಕಾಲಕ್ಕೆ ತಿಳಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು.

ಹೊರಡುವಾಗ ಭಜನೆಯ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ಮುಂದಿನ ವರ್ಷ ಸವಾಲಿಗೆ ತಬಲಾ ಬರೂದೈತ್ರಿ ಸರ. ನಮಗ ಬೇಕಾಗೇತಿ. ಹೆಸರು ಗಿಸರು ಏನೂ ಹೇಳಬ್ಯಾಡ್ರಿ. ಬಂದು ಒಂದೀಟು ಬಾರಿಸಿ ಕೊಡ್ರಿ, ಸಾಕು" ಎಂದರು.

ಒಪ್ಪಿದ ಕೆಲಸವನ್ನು ತಯಾರಿಯಿಲ್ಲದೆ ಮಾಡುವವನಲ್ಲ ನಾನು. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು, ಬೋಗುಣಿ ಬೋರಲು ಹಾಕಿಕೊಂಡು ಅಭ್ಯಾಸಕ್ಕೆ ಕುಳಿತೆ. ರಾತ್ರಿಯೇ ಎಲ್ಲ ಕೇಳಿದ್ದ ಹೆಂಡತಿ ಒಳಗಿನಿಂದ ಬಂದು ಬೋಗುಣಿ ಕಸಿದುಕೊಂಡಳು.

"ಕಲೀಬ್ಯಾಡ್ರಿ," ಎಂದಳು. "ರೇಟು ಏರತೈತಿ."