ಗಂಜಿ ತಿಳಿ ಹೊತ್ತು ಮರಳು ದಾಟಿದ್ದು

ನಡೆಯುವುದನ್ನು ನಾನು ಒಂದು ವರ್ಷ ತುಂಬುವ ಮೊದಲೇ ಕಲಿತು ಮುಗಿಸಿದ್ದೇನೆ. ಆದ್ದರಿಂದ ಹೆಂಡತಿ ಶೈಲಜ, "ಆದಿತ್ಯವಾರ ಬೆಳಗಿಂದ ಸಂಜೆವರೆಗೆ ಮರುಭೂಮಿಯಲ್ಲಿ ನಡೀಲಿಕ್ಕುಂಟು. ಮೂರು ಜನ ಬೇಕು, ಒಂದು ಜನ ಕಮ್ಮಿ. ನಿಮ್ಮಿಂದ ಆಗ್ತದಾ?" ಎಂದು ಕೇಳಿದಾಗ ನನಗೆ ನಗು ಬಂತು. ರಜಾದಿನಗಳಲ್ಲಿ ದುಬೈಯ ಮಾಲ್‌ಗಳನ್ನು ಎ.ಸಿ.ಯ ಚಳಿಯನ್ನೂ ಲೆಕ್ಕಿಸದೆ ಸುತ್ತುವ ಗಂಡಸನ್ನು ಕೇಳುವ ಪ್ರಶ್ನೆಯೇ ಇದು?

ಶೈಲಜ ಪ್ರತಿ ಆದಿತ್ಯವಾರ ನಡೆಯಲು ಹೋಗುವ ತಂಡದ ನಾಯಕಿ ಲಿಲ್ಲಿ ಬಾಯಿ. ನಮ್ಮೂರ ಕಡೆಯ ಕಿನ್ನಿಗೋಳಿಯವರು, ಇಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಿಂದ ಈಗಷ್ಟೇ ನಿವೃತ್ತರಾದವರು. ವೀಸಾ ಮುಗಿಯುತ್ತಿತ್ತು. ಮುಂದಿನ ವಾರ ಊರಿಗೆ ಹೋದರೆ ಮತ್ತೆ ಬರುವುದಿಲ್ಲ. ಮರುಭೂಮಿ ದಾಟುವ ಈ ದಾರಿಯನ್ನು ಒಮ್ಮೆಯಾದರೂ ಕೊನೆತನಕ ನಡೆಯಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಒಬ್ಬರು ಸುಸ್ತಾಗಿ ಕೂತರೆ ಗಾಡಿ ಕರೆಸಿ ಎಲ್ಲರೂ ಒಟ್ಟಿಗೆ ವಾಪಸಾಗಬೇಕೆಂಬುದು ತಂಡದ ನಿಯಮ. ಪ್ರತಿ ಸಲವೂ ಯಾರಾದರೊಬ್ಬರು ಕೂತಿದ್ದರು.

"ಈ ಸಲ ಚಿಂತೆ ಬೇಡ ಬಾಯಿ, ನಾನಿದ್ದೇನೆ" ಎಂದು ಅಭಯ ಕೊಟ್ಟೆ.

ಶೈಲಜ, ಲಿಲ್ಲಿ ಬಾಯಿ ಇಬ್ಬರ ಬೆನ್ನಿಗೂ ನೀರಿನ ಚೀಲವಿತ್ತು. ಅದರಿಂದ ತುಟಿಯವರೆಗೆ ಚೀಪಲು ಒಂದು ನಳಿಗೆ. ನಾನೂ ಅಂಥದ್ದೇ ಕೊಂಡೆ. ಆದರೆ ಬರೀ ನೀರು ಕುಡಿದು ಮರುಭೂಮಿ ದಾಟುವುದು ಉಡುಪಿಯವನಿಗೆ ಶೋಭೆಯೇ? ಬಿಸಿಲಿಗೆ ಕುಚ್ಚಲಕ್ಕಿ ಗಂಜಿ ತಿಳಿಯೇ ಮದ್ದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉಪ್ಪು ಹಾಕಿ ತುಂಬಿಸಿಕೊಂಡೆ.

"ಸೋಸಿದ್ದೀರಾ?" ಎಂದಳು ಶೈಲಜ.

"ನನಗೆ ಹೇಳಿಕೊಡಬೇಡ!" ಎಂದೆ. ಅಂದರೆ, ಸೋಸಿರಲಿಲ್ಲ.

ಗಾಡಿ ನಮ್ಮನ್ನು ಮರಳಿನ ಅಂಚಿಗಿಳಿಸಿ, ಆಚೆ ಬದಿಯ ಡಾಂಬರು ರಸ್ತೆಯಲ್ಲಿ ಕಾಯಲು ಹೋಯಿತು. ಮೊದಲ ದಿಬ್ಬ ಹತ್ತಿದ ಮೇಲೆ ನಳಿಗೆ ಚೀಪಿದೆ. ತಿಳಿ ಬಂತು. ಎರಡನೆಯ ದಿಬ್ಬದಲ್ಲಿ ಚೀಪಿದೆ. ಅನ್ನದ ಅಗುಳು ಬಂತು. ಮೂರನೆಯ ದಿಬ್ಬದಲ್ಲಿ ಏನೂ ಬರಲಿಲ್ಲ! ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಇಲ್ಲ. ಎರಡೂ ಕೈ ಹಿಂದಕ್ಕೆ ಚಾಚಿ ಬೆನ್ನಿನ ಚೀಲವನ್ನು ಒತ್ತಿದೆ. ಮುಚ್ಚಳವೇ ಕಿತ್ತುಬಂದು ಗಂಜಿ ಪೂರಾ ಬೆನ್ನಿಗೆ ಸುರಿಯಿತು. ಗಾಬರಿಯಿಂದ ಕಾಲು ಜಾರಿ ಕೆಳತನಕ ಉರುಳಿದೆ.

ಲಿಲ್ಲಿ ಬಾಯಿ ಮೇಲಿನಿಂದಲೇ ಕೂಗಿದರು: "ಶೈಲಾ, ನಿನ್ನ ಗಂಡ ನೋಡು ಮಾರಾಯ್ತಿ! ರವೆ ಹಚ್ಚಿದ ಬಂಗುಡೆ ಮೀನಿನ ಹಾಗೆ ಆಗಿದ್ದಾರೆ. ಇನ್ನು ಕಾಯಿಸ್ಲಿಕ್ಕೆ ಮಾತ್ರ ಬಾಕಿ!"

ಕಾಯಿಸುವ ಕೆಲಸವನ್ನು ಸೂರ್ಯ ವಹಿಸಿಕೊಂಡ. ಸ್ವಲ್ಪ ಹೊತ್ತಿನಲ್ಲೇ ಗಂಜಿ ಒಣಗಿ ಅಂಗಿ ಹಲಗೆಯಷ್ಟು ಗಟ್ಟಿಯಾಯಿತು. ಇಸ್ತ್ರಿ ಅಂಗಡಿಯವರಿಗೂ ಅಷ್ಟು ಚೆನ್ನಾಗಿ ಗಂಜಿ ಹಾಕಲು ಬರುವುದಿಲ್ಲ. ಬಗ್ಗಲಾರೆ, ತಿರುಗಲಾರೆ! ಅವರಿಬ್ಬರೂ ತಮ್ಮ ನೀರನ್ನು ನನಗೆ ಹಂಚಿದರು. ಶೈಲಜ ನನ್ನ ಚೀಲವನ್ನೂ ಹೊತ್ತಳು. ಆದರೂ ಮಧ್ಯಾಹ್ನ ದಾಟುವಾಗ ನಾನು ಕೂತೇಬಿಟ್ಟೆ.

"ಖಲಾಸ್! ಗಾಡಿ ಕರೆಸಿ" ಎಂದೆ.

ಶೈಲಜ ನನ್ನ ಮುಖ ನೋಡಲಿಲ್ಲ. ಲಿಲ್ಲಿ ಬಾಯಿ ಬಯ್ಯಲೂ ಇಲ್ಲ. ಫೋನು ತೆಗೆದು, ದೂರದ ದಿಬ್ಬಗಳನ್ನೊಮ್ಮೆ ನೋಡಿ, "ಪರವಾಗಿಲ್ಲ ಸದಾನಂದ, ಜೀವಕ್ಕಿಂತ ದೊಡ್ಡದು ಎಂಥ ಉಂಟು? ಇಷ್ಟು ದೂರ ಬಂದೆವಲ್ಲ, ಸಾಕು" ಎಂದರು. ಬಯ್ದಿದ್ದರೆ ಕೂತೇ ಇರುತ್ತಿದ್ದೆ. ಅವರ ಆ ಒಳ್ಳೆಯತನವನ್ನು ಮಾತ್ರ ನನಗೆ ತಡೆದುಕೊಳ್ಳಲಾಗಲಿಲ್ಲ.

"ಫೋನು ಒಳಗಿಡಿ ಬಾಯಿ" ಎಂದು ಎದ್ದೆ.

ಮತ್ತೆ ನಡೆದೆವು. ಅರವತ್ತು ದಾಟಿದ ಆ ಹೆಂಗಸು ಪ್ರತಿ ದಿಬ್ಬವನ್ನೂ ಮೊದಲು ಹತ್ತಿ, ಮೆತ್ತಗಿನ ಮರಳೆಲ್ಲಿ, ಗಟ್ಟಿ ಮರಳೆಲ್ಲಿ ನೋಡಿ, ಕೆಳಗಿಳಿದು ಬಂದು ನನ್ನನ್ನು ಕರೆದೊಯ್ಯುತ್ತಿದ್ದರು. ಅಂದರೆ ನಾನು ಒಮ್ಮೆ ದಾಟಿದ ಮರುಭೂಮಿಯನ್ನು ಅವರು ಎರಡು ಸಲ ದಾಟಿದರು! ಹಿಂದಿನಿಂದ ಶೈಲಜಳ ಕೈ ನನ್ನ ಬೆನ್ನನ್ನು ಬಿಡಲೇ ಇಲ್ಲ. ಪ್ರತಿ ಆದಿತ್ಯವಾರ ಇವಳು ಇಷ್ಟೆಲ್ಲ ನಡೆದು ಬಂದು ರಾತ್ರಿ ನನಗೆ ಚಪಾತಿ ಲಟ್ಟಿಸುತ್ತಿದ್ದಳೇ? ನಿಜವಾಗಿ ಕೈಮುಗಿಯಬೇಕೆನಿಸಿತು. ಅಂಗಿ ಬಿಡಲಿಲ್ಲ.

ಸಂಜೆಯಾಗುವಾಗ ರಸ್ತೆ ಕಾಣಿಸಿತು, ಗಾಡಿಯೂ ಕಾಣಿಸಿತು. ಇನ್ನು ಕೆಲವೇ ಹೆಜ್ಜೆ ಎನ್ನುವಾಗ ಲಿಲ್ಲಿ ಬಾಯಿ ಗಕ್ಕನೆ ನಿಂತರು. ಕಣ್ಣು ತುಂಬಿತ್ತು.

"ಸದಾನಂದ, ನೀವು ಮುಂದೆ ಹೋಗಿ. ಮೊದಲು ನೀವು ರಸ್ತೆ ಮುಟ್ಟಬೇಕು."

ಎಷ್ಟು ವರ್ಷ ಕಾದ ಗಳಿಗೆ! ಅದನ್ನೂ ನನಗೆ ಬಿಟ್ಟುಕೊಡುತ್ತಾರಲ್ಲ! "ಛೆ, ಈ ಗೌರವ ನಿಮ್ಮದು ಬಾಯಿ" ಎಂದೆ.

"ಗೌರವ ಅಲ್ಲ ಮಾರಾಯ್ರೆ! ನೀವು ಇಲ್ಲಿ ಕೂಡ ಕೂತ್ರೆ? ನಿಮ್ಮನ್ನು ನಂಬ್ಲಿಕ್ಕೆ ಆಗುದಿಲ್ಲ. ಯಲ್ಲಾ, ಬೇಗ ಹೋಗಿ!"

ಹೀಗೆ ಅಂದು ಮರುಭೂಮಿಯನ್ನು ದಾಟಿ ಎಲ್ಲರಿಗಿಂತ ಮೊದಲು ರಸ್ತೆ ಮುಟ್ಟಿದ ಕೀರ್ತಿ ನನ್ನದಾಯಿತು. ನನ್ನ ಹಿಂದೆ ಅವರಿಬ್ಬರೂ ಕೈ ಕೈ ಹಿಡಿದು ರಾಣಿಯರಂತೆ ನಡೆದು ಬಂದರು. ನಾನೂ ಹಾಗೇ ಬರಬಹುದಿತ್ತು. ಆದರೆ ನಾನು ಬಂದದ್ದು ಅಂಬೆಗಾಲಿನಲ್ಲಿ!