ಗೋದಾಮಿನ ಮಾಳಿಗೆ ಮೇಲೆ ಫುಲ್ ನೆಟ್

ತಾಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಒಂದು ಸಹಿ ಕಡಿಮೆ ಎಂದು ಎಷ್ಟು ಜನರನ್ನು ಬಿಸಿಲಲ್ಲಿ ವಾಪಸ್ಸು ಕಳಿಸಿದ್ದೇನೋ ಲೆಕ್ಕವಿಲ್ಲ. ಹೀಗಿರುವಾಗ, ಹಳ್ಳಿಗೆ ಇಂಟರ್ನೆಟ್ ಕೇಬಲ್ ಎಳೆಯಲು ರಾಜ್ಯ ಸರಕಾರ ಅನುದಾನ ಕೊಡುತ್ತದೆ, ಅರ್ಜಿ ಹಾಕಿ ಎಂದು ನಮ್ಮ ಪಂಚಾಯಿತಿಗೆ ಸುತ್ತೋಲೆ ಬಂದರೆ, ಅದನ್ನು ತುಂಬುವ ಯೋಗ್ಯತೆ ಊರಲ್ಲಿ ಇನ್ನಾರಿಗಿದೆ? ಯಾರೂ ಕೇಳುವ ಮೊದಲೇ ನಾನು ಒಪ್ಪಿಕೊಂಡೆ.

ಕೇಬಲ್ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ನನ್ನ ಹೆಂಡತಿ ಗಿರಿಜೆಗೆ. ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಆನ್‌ಲೈನ್ ಸೇವಾ ಕೇಂದ್ರ. ಪಹಣಿ, ಬೆಳೆ ವಿಮೆ, ಪಿಂಚಣಿಯ ಹೆಬ್ಬೆಟ್ಟು ಎಂದು ಜನ ಬಂದು ಕೂರುತ್ತಾರೆ. ನೆಟ್ ಬರುವುದಿಲ್ಲ. ಎದ್ದು ಅಣ್ಣಿಗೇರಿಯ ಬಸ್ ಹತ್ತುತ್ತಾರೆ. ಈ ವರ್ಷವೂ ಹೀಗೇ ಆದರೆ ಕೇಂದ್ರಕ್ಕೆ ಬೀಗ ಎಂದು ಅವಳು ಹೇಳಿಬಿಟ್ಟಿದ್ದಳು.

ಅರ್ಜಿ ಇಪ್ಪತ್ತೆರಡು ಪುಟ. ಊರಲ್ಲಿ ಇಂಟರ್ನೆಟ್ ಇಲ್ಲ ಎಂಬುದನ್ನು ಇಂಟರ್ನೆಟ್ ಮೂಲಕವೇ ತಿಳಿಸತಕ್ಕದ್ದು! ಇಂಥ ಬುದ್ಧಿವಂತಿಕೆ ರಾಜಧಾನಿಯಲ್ಲೇ ಹುಟ್ಟಬೇಕು. ಅಣ್ಣಿಗೇರಿಗೆ ಹೋದೆ. ಮೊದಲ ಸಲ ಸರಕಾರದ ವೆಬ್‌ಸೈಟು ನಮ್ಮೂರ ನಕ್ಷೆಯ ಫೈಲು ದೊಡ್ಡದಾಯಿತು ಎಂದಿತು. ಎರಡನೆಯ ಸಲ ಚಿಕ್ಕದಾಯಿತು ಎಂದಿತು. ಮೂರನೆಯ ಸಲ ಏನೂ ಅನ್ನದೆ ನುಂಗಿಕೊಂಡಿತು.

ಅರ್ಜಿಗಳಿಗೆ ಅಂಕ ಹಾಕುತ್ತಾರೆ, ನೆಟ್ ಎಷ್ಟು ಕೆಟ್ಟದೋ ಅಷ್ಟು ಹೆಚ್ಚು ಅಂಕ, ಹೋಬಳಿಗೆ ಒಂದೇ ಊರು. ಈ ನಿಯಮ ಸುತ್ತೋಲೆಯ ಹತ್ತೊಂಬತ್ತನೆಯ ಪುಟದಲ್ಲಿತ್ತು. ಗಿರಿಜೆ ಅದನ್ನು ಓದಿದ್ದಳು. ನನ್ನಂಥ ಅನುಭವಸ್ಥರು ಹತ್ತೊಂಬತ್ತನೆಯ ಪುಟದವರೆಗೆ ಹೋಗುವುದಿಲ್ಲ.

ಎರಡು ತಿಂಗಳ ಮೇಲೆ ಪರಿಶೀಲನೆಗೆ ಒಬ್ಬ ಸಾಹೇಬರು ಬಂದರು. ಗಿರಿಜೆಯ ಕೋಣೆಯಲ್ಲಿ ಕೂತು ನೆಟ್ಟಿನ ವೇಗ ಅಳೆಯತೊಡಗಿದರು. ಫೋನಿನ ಮೇಲೆ ಚಕ್ರ ತಿರುಗಿತು. ತಿನ್ನಲು ಕೊಟ್ಟ ಗಿರ್ಮಿಟ್ ಖಾಲಿಯಾಯಿತು, ಎರಡು ಸಲ ಚಹಾ ಆಯಿತು, ಚಕ್ರ ತಿರುಗುತ್ತಲೇ ಇತ್ತು. ಗಿರಿಜೆಯ ಮುಖ ಅರಳುತ್ತಾ ಹೋಯಿತು.

"ಏನೂ ಬರವಲ್ತಲ್ರಿ. ಇಲ್ಲೊಂದು ಅಂಕಿ ತುಂಬಬೇಕಿತ್ತು," ಎಂದರು ಸಾಹೇಬರು.

"ಸೊನ್ನಿ ಹಾಕ್ರಿ," ಎಂದಳು ಗಿರಿಜೆ.

"ಸೊನ್ನಿ ತಗೋವಲ್ತ್ರಿ ಅಕ್ಕಾರ. ಇರ್ಲಿ, ಕಾಲಂ ಖಾಲಿ ಬಿಟ್ಟು, ಪರೀಕ್ಷೆ ವಿಫಲ ಅಂತ ಬರದು ಹೋಗ್ತೀನಿ."

ಖಾಲಿ ಕಾಲಂ! ನನ್ನ ಮೈ ಉರಿಯಿತು. ಖಾಲಿ ಕಾಲಂ ಇದ್ದ ಅರ್ಜಿ ಮುಂದೆ ಹೋದದ್ದನ್ನು ನಾನು ಸರ್ವಿಸಿನಲ್ಲೇ ಕಂಡಿಲ್ಲ, ಹೋಗಲು ಬಿಟ್ಟೂ ಇಲ್ಲ. ಅಲ್ಲದೆ ಊರಿಗೆ ಬಂದ ಅಧಿಕಾರಿಯ ಎದುರು "ವಿಫಲ" ಅನ್ನಿಸಿಕೊಳ್ಳುವುದೆಂದರೇನು? ಹೆಣ್ಣು ನೋಡಲು ಬಂದವರಿಗೆ ಯಾರಾದರೂ ಸೋರುವ ಕೋಣೆ ತೋರಿಸುತ್ತಾರೆಯೇ?

"ಬರ್ರಿ ಸಾಹೇಬ್ರ, ನೆಟ್ ಬರೂ ಜಾಗಾ ತೋರಸ್ತೀನಿ," ಎಂದು ಎದ್ದೆ. ಗಿರಿಜೆ ಹಿಂದಿನಿಂದ ನನ್ನ ಅಂಗಿ ಜಗ್ಗಿದಳು. ಗುಂಡಿ ಕಿತ್ತುಹೋಯಿತು. ನಾನು ನಿಲ್ಲಲಿಲ್ಲ.

ಊರ ಹೊರಗೆ ಹುಸೇನಸಾಬ ಕಾಕಾನವರ ಹತ್ತಿ ಗೋದಾಮು ಇದೆ. ಅದರ ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ ದೂರದ ಟವರಿನ ನೆಟ್ ಸಿಗುತ್ತದೆ. ಸಾಹೇಬರು ಹತ್ತಿದರು, ನಾನು ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತ ಕಾಕಾ ಕೇಳಿದರು:

"ಅಲ್ರೀ ಬಸಣ್ಣಾರ, ಊರಾಗ ನೆಟ್ ಇಲ್ಲಂತ ಅರ್ಜಿ ಕೊಟ್ಟು, ಇರೂ ಜಾಗಾ ಯಾಕ ತೋರ್ಸಾಕತ್ತೀರಿ?"

"ಸರಕಾರಿ ಕೆಲಸ ನಿಮಗ ತಿಳಿಯಂಗಿಲ್ಲ ಕಾಕಾ."

ಮಾಳಿಗೆಯ ಮೇಲೆ ಅಂಕಿ ಏರಿತು. ಏರುತ್ತಲೇ ಹೋಯಿತು. "ಅಗದಿ ಚಲೋ ಐತ್ರಿ," ಎಂದು ಸಾಹೇಬರು ಬೆವರು ಒರೆಸಿಕೊಂಡು ಕಾಲಂ ತುಂಬಿದರು. ನಾನು ಚಪ್ಪಾಳೆ ತಟ್ಟಿದೆ.

ಮುಂದಿನ ತಿಂಗಳು ಪತ್ರ ಬಂತು. "ಸದರಿ ಗ್ರಾಮದಲ್ಲಿ ಅತ್ಯುತ್ತಮ ಇಂಟರ್ನೆಟ್ ಸೌಲಭ್ಯ ಈಗಾಗಲೇ ಲಭ್ಯವಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ." ಒಂದು ಮಾಳಿಗೆಯ ಮೂಲೆ ನೋಡಿ ಇಡೀ ಊರಿಗೆ ಅಂಕ ಹಾಕುವ ಮಹಾನುಭಾವರಿವರು! ಊರಲ್ಲಿ ಒಂದು ಬಾವಿ ಕಂಡರೆ ಮನೆಮನೆಗೂ ನಲ್ಲಿ ಇದೆ ಎಂದು ಬರೆದುಕೊಳ್ಳುವ ಮಂದಿ. ಬೈಯಲು ಪೂರ್ತಿ ಮನಸ್ಸು ಬರಲಿಲ್ಲ. ಪತ್ರದ ಒಕ್ಕಣೆ ಥೇಟು ನನ್ನದೇ ಇತ್ತು.

ಅನುದಾನ ಪಕ್ಕದ ಊರಿಗೆ ಹೋಯಿತು. ಅಲ್ಲಿಯವರು ಸಾಹೇಬರಿಗೆ ನೆಟ್ ಸಿಗುವ ಜಾಗ ತೋರಿಸುವುದಿರಲಿ, ಕಟ್ಟೆಯಿಂದ ಎದ್ದೂ ಇರಲಿಲ್ಲವಂತೆ.

ಗಿರಿಜೆ ಕಂಪ್ಯೂಟರು, ಹೆಬ್ಬೆಟ್ಟಿನ ಯಂತ್ರ ಕಟ್ಟಿಕೊಂಡು ಆ ಊರಲ್ಲೇ ಒಂದು ಕೋಣೆ ಹಿಡಿದಳು. ಕೇಂದ್ರ ಈಗ ಭರ್ಜರಿಯಾಗಿ ನಡೆದಿದೆ. ನನಗೂ ಒಂದು ಹುದ್ದೆ ಸಿಕ್ಕಿದೆ. ದಿನಾ ಮಧ್ಯಾಹ್ನ ಅವಳ ಊಟದ ಡಬ್ಬಿ ಒಯ್ಯುವುದು.

ನಿನ್ನೆ ತನ್ನ ಪಾಳಿಗೆ ಕಾದು ಕೂತಿದ್ದ ಅಲ್ಲಿಯ ಮುದುಕಿಯೊಬ್ಬಳು ನನ್ನನ್ನು ನೋಡಿ ಕೇಳಿದಳು, "ಯಾರವಾ ಇವ್ರು?"

ಗಿರಿಜೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನಿಮ್ಮೂರಿಗೆ ನೆಟ್ ತಂದುಕೊಟ್ಟವ್ರು."

ಮುದುಕಿ ಕಷ್ಟಪಟ್ಟು ಎದ್ದು ನನಗೆ ಕೈ ಮುಗಿದಳು. ನಾನು ಡಬ್ಬಿ ಹಿಡಿದುಕೊಂಡೇ ನಮಸ್ಕಾರ ಸ್ವೀಕರಿಸಿದೆ.